ಉಳ್ಳಾಲ ಬಸ್ಸಿನ ಜಯಣ್ಣನ ಗುಟ್ಟು

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಉಳ್ಳಾಲಕ್ಕೆ ಹೋಗುವ ಸಿಟಿ ಬಸ್ಸಿನ ಡ್ರೈವರ್ ಜಯಣ್ಣನೆಂದರೆ ಆ ದಾರಿಯ ಮುದುಕಿಯರಿಗೆ ಬಲು ಇಷ್ಟ. ಅವರು ಹತ್ತಿ, ಕಂಬಿ ಹಿಡಿದು, ಸೀಟಿನಲ್ಲಿ ಕೂರುವವರೆಗೆ ಅವನು ಬಸ್ಸು ಬಿಡುತ್ತಿರಲಿಲ್ಲ. ಹಿಂದಿನ ಬಸ್ಸಿನವ ಎಷ್ಟು ಹಾರ್ನ್ ಹೊಡೆದರೂ ಅಷ್ಟೇ. ಟೈಮ್ ತಪ್ಪುತ್ತದೆಂದು ಕಂಡಕ್ಟರ್ ಕಾಸಿಂ ಗೊಣಗುತ್ತಿದ್ದ. ಆದರೂ ಎಷ್ಟೋ ವರ್ಷಗಳಿಂದ ಅವನು ಬೇರೆ ಬಸ್ಸಿಗೆ ಹೋದವನಲ್ಲ. ಮಧ್ಯಾಹ್ನ ಉಳ್ಳಾಲದಲ್ಲಿ ಬಸ್ಸು ನಿಲ್ಲಿಸಿ ಇಬ್ಬರೂ ಒಂದೇ ಬೆಂಚಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು.

ಕಳೆದ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ, ಆ ಕೊನೆಯ ಸ್ಟಾಪಿನ ಶೌಚಾಲಯದಲ್ಲಿ ಜಯಣ್ಣ ತನ್ನ ಮೂತ್ರ ಕೆಂಪಾಗಿರುವುದನ್ನು ಕಂಡ. ಒಂದು ಕ್ಷಣ ಗಾಬರಿಯಾಯಿತು. ಮೂತ್ರ ಹೋಗುವಾಗ ನೋವೆಂಬುದು ಚೂರೂ ಇರಲಿಲ್ಲ. ಬೆಳಿಗ್ಗೆ ಕುಡಿದ ಪುನರ್ಪುಳಿ ಹಣ್ಣಿನ ಕೆಂಪು ಶರಬತ್ತು ನೆನಪಾಯಿತು, ಅದರ ಬಣ್ಣವೇ ಇರಬೇಕೆಂದು ಸಮಾಧಾನ ಮಾಡಿಕೊಂಡ. ಮರುದಿನ ಎಲ್ಲವೂ ಮೊದಲಿನ ಹಾಗೇ ಇತ್ತು. ಮರೆತುಬಿಟ್ಟ.

ಸೊಂಟದ ಮೇಲೆ, ಎಡಬದಿಗೆ, ಒಂದು ಮಂದವಾದ ನೋವು ಕೆಲವು ಸಮಯದಿಂದ ಇತ್ತು. ಅದಕ್ಕೆ ಕಾರಣ ಡ್ರೈವರ್ ಸೀಟು ಎಂದುಕೊಂಡ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಅದು ಇಂಜಿನ್ನಿನ ಕಾವು. ಸುಸ್ತಾದರೆ, ಮಂಗಳೂರಿನ ಸೆಕೆಗೆ ಯಾರಿಗೆ ಸುಸ್ತಾಗುವುದಿಲ್ಲ? ಹೀಗೆ ಮೈಯಲ್ಲಿ ಕಂಡ ಪ್ರತಿಯೊಂದಕ್ಕೂ ಅವನ ಕೆಲಸದಲ್ಲೇ ಒಂದು ಉತ್ತರ ಸಿಗುತ್ತಿತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ಕೆಂಪು ಮತ್ತೆ ಕಾಣಿಸಿತು. ಈ ಸಲ ಅವನ ಹಿಂದೆಯೇ ಶೌಚಾಲಯದೊಳಗೆ ಹೋದ ಕಾಸಿಂ ಅದನ್ನು ನೋಡಿದ. ಹೊರಗೆ ಬಂದು ಬೆಂಚಿನಲ್ಲಿ ಪಕ್ಕಕ್ಕೆ ಕುಳಿತು ಮೆಲ್ಲಗೆ ಕೇಳಿದ.

"ಜಯಣ್ಣ, ಅದು ಎಂತ?"

"ಪುನರ್ಪುಳಿ ಮಾರಾಯ. ಬೆಳಿಗ್ಗೆ ಕುಡಿಯಲಿಲ್ಲವಾ?"

"ನಾನೂ ಕುಡಿದಿದ್ದೇನೆ. ಅದೇ ಅಂಗಡಿಯಲ್ಲಿ, ನಿಮ್ಮ ಜೊತೆಯೇ."

ಹೆಂಡತಿ ದೇಯಿಗೆ ಮಾತ್ರ ಹೇಳಬೇಡ, ಅವಳು ಸುಮ್ಮನೆ ಹೆದರುತ್ತಾಳೆ ಎಂದು ಜಯಣ್ಣ ಕಾಸಿಮನಿಂದ ಮಾತು ತೆಗೆದುಕೊಂಡ. ಡಾಕ್ಟರರಿಗೆ ತೋರಿಸುತ್ತೇನೆ ಎಂದೂ ಹೇಳಿದ. ಎರಡು ದಿನದಲ್ಲಿ ಕೆಂಪು ಹೋಯಿತು, ತೋರಿಸುವ ಮಾತೂ ಅದರ ಜೊತೆಗೇ ಹೋಯಿತು.

ದೇಯಿ ಪಡೀಲಿನ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಗಂಡನ ಖಾಕಿ ಅಂಗಿಗಳನ್ನು ಮದುವೆಯಾದಂದಿನಿಂದ ಅವಳೇ ಹೊಲಿದವಳು. ಆ ಮಳೆಗಾಲದಲ್ಲಿ ಅವನ ಅಂಗಿಯ ಭುಜ ಕೆಳಗಿಳಿದು ನಿಂತದ್ದು ಅವಳ ಕಣ್ಣಿಗೆ ಬಿತ್ತು. ಬದಿ ಬಿಚ್ಚಿ ಹಿಡಿದು, ಅಳತೆ ಚಿಕ್ಕದು ಮಾಡಿ ಹೊಲಿದಳು. ತಿಂಗಳು ಕಳೆಯುವುದರೊಳಗೆ ಮತ್ತೆ ಹಿಡಿಯಬೇಕಾಯಿತು. ರಾತ್ರಿ ಬೆವರಿನಿಂದ ಅವನ ಬನಿಯನ್ ಒದ್ದೆಯಾಗುತ್ತಿತ್ತು. ಮೀನು ಸಾರಿದ್ದರೂ ಅರ್ಧ ಊಟಕ್ಕೆ ಕೈ ತೊಳೆಯುತ್ತಿದ್ದ. ಕೇಳಿದರೆ, ಮಧ್ಯಾಹ್ನ ಹೊಟ್ಟೆ ತುಂಬ ತಿಂದಿದ್ದೇನೆ ಎನ್ನುತ್ತಿದ್ದ.

ಒಂದು ದಿನ ತೊಕ್ಕೊಟ್ಟಿನ ಗಿರಾಕಿಯೊಬ್ಬರಿಗೆ ರವಿಕೆ ತಲುಪಿಸಲು ದೇಯಿ ಕಂಕನಾಡಿಯಲ್ಲಿ ಗಂಡನ ಬಸ್ಸನ್ನೇ ಹತ್ತಿದಳು. ಬಸ್ಸಿನಲ್ಲಿ ಜನ ಕಡಿಮೆಯಿತ್ತು. ಹಿಂದಿನ ಸೀಟಿನಲ್ಲಿ ಕುಳಿತವಳ ಹತ್ತಿರ ಕಾಸಿಂ ಬಂದಾಗ, ಇವರು ಮಧ್ಯಾಹ್ನ ಸರಿಯಾಗಿ ಊಟ ಮಾಡುತ್ತಾರಾ ಎಂದು ಕೇಳಿದಳು. ಇಲ್ಲ, ಅರ್ಧ ಬುತ್ತಿ ನಾಯಿಗೆ ಹಾಕುತ್ತಾರೆ ಎಂದ ಕಾಸಿಂ. ಅಂಗಿ ಎರಡು ಸಲ ಹಿಡಿದದ್ದನ್ನೂ ಬೆವರನ್ನೂ ಅವಳು ಹೇಳಿದಳು. ಕಾಸಿಂ ಕಂಬಿ ಹಿಡಿದು ನಿಂತೇ ಇದ್ದ. ಬಸ್ಸು ಹೊಳೆಯ ಸೇತುವೆ ದಾಟುತ್ತಿತ್ತು.

"ಅಕ್ಕ, ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೆ. ಇನ್ನು ಆಗುವುದಿಲ್ಲ," ಎಂದ. ಕಂಡದ್ದನ್ನು ಹೇಳಿದ.

ದೇಯಿ ಅಳಲಿಲ್ಲ. ತೊಕ್ಕೊಟ್ಟು ಬಂತು, ಇಳಿಯಲಿಲ್ಲ. ರವಿಕೆಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂದೆ ಕಾಣುವ ಗಂಡನ ಬೆನ್ನನ್ನೇ ನೋಡುತ್ತ ಉಳ್ಳಾಲದವರೆಗೆ ಕುಳಿತಳು. ಎಲ್ಲರೂ ಇಳಿದ ಮೇಲೆ ಡ್ರೈವರ್ ಸೀಟಿನ ಹತ್ತಿರ ಬಂದು ನಿಂತಳು. ಜಯಣ್ಣನಿಗೆ ಆಶ್ಚರ್ಯವಾಯಿತು.

"ನೀನು ತೊಕ್ಕೊಟ್ಟಿನಲ್ಲಿ ಇಳಿಯಲಿಲ್ಲವಾ?"

"ಇಲ್ಲ. ಹಿಂದೆ ಹೋಗುವಾಗ ಕಂಕನಾಡಿಯಲ್ಲಿ ಇಬ್ಬರೂ ಇಳಿಯುವ."

ಜಯಣ್ಣ ಕಾಸಿಮನ ಕಡೆ ನೋಡಿದ. ಕಾಸಿಂ ಮುಖ ತಿರುಗಿಸಿ, ಕಂಕನಾಡಿಗೆ ಬದಲಿ ಡ್ರೈವರನ್ನು ಕಳುಹಿಸಿ ಎಂದು ಮಾಲಕರಿಗೆ ಫೋನು ಮಾಡುತ್ತಿದ್ದ.

ಕಂಕನಾಡಿಯ ಡಾಕ್ಟರ್ ಎಸ್ತೆರ್ ಅವಸರ ಮಾಡಲಿಲ್ಲ. ಬೀಡಿ ಸೇದುತ್ತೀರಾ, ಎಷ್ಟು ವರ್ಷದಿಂದ, ಬಿ.ಪಿ. ಇದೆಯಾ ಎಂದೆಲ್ಲ ಕೇಳಿ, ಮಲಗಿಸಿ ಎಡ ಪಕ್ಕೆಯನ್ನು ಎರಡು ಕೈಗಳಿಂದ ಒತ್ತಿ ನೋಡಿದರು. ಕಲ್ಲಿರಬಹುದು, ಸೋಂಕಿರಬಹುದು, ಗಡ್ಡೆಯೂ ಇರಬಹುದು, ಪರೀಕ್ಷೆ ಮಾಡದೆ ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಮೂತ್ರ ಹೋಗುವಾಗ ನೋವಿಲ್ಲದ್ದಕ್ಕೆ ಬರಲಿಲ್ಲ ಎಂದು ಜಯಣ್ಣ ಸಣ್ಣ ದನಿಯಲ್ಲಿ ಹೇಳಿದಾಗ ಅವರು ಬರೆಯುವುದನ್ನು ನಿಲ್ಲಿಸಿದರು.

"ನೋವಿಲ್ಲದೆ ರಕ್ತ ಬಂದರೆ ಧೈರ್ಯ ತಗೊಳ್ಳುವುದಲ್ಲ. ಒಂದೇ ಸಲ ಬಂದು ನಿಂತರೂ ತೋರಿಸಬೇಕು. ತಾನಾಗಿ ನಿಂತಿತು ಅಂತ ಒಳಗಿನದ್ದು ಹೋಗಿರುವುದಿಲ್ಲ."

ಸ್ಕ್ಯಾನಿಂಗಿನಲ್ಲಿ ಎಡ ಕಿಡ್ನಿಯಲ್ಲಿ ಗಡ್ಡೆ ಕಂಡಿತು. ಸಿ.ಟಿ. ಮಾಡಿದ ಮೇಲೆ, ಇದು ಕ್ಯಾನ್ಸರೇ ಇರಬೇಕು, ಆದರೆ ಕಿಡ್ನಿಯಿಂದ ಹೊರಗೆ ಹರಡಿದ ಹಾಗೆ ಕಾಣುವುದಿಲ್ಲ ಎಂದು ದೊಡ್ಡಾಸ್ಪತ್ರೆಯ ಸರ್ಜನ್ ತಿಳಿಸಿದರು. ಆ ಕಿಡ್ನಿಯನ್ನೇ ತೆಗೆಯಬೇಕಿತ್ತು. ಬಲಗಡೆಯದ್ದು ಚೆನ್ನಾಗಿತ್ತು. ಒಂದರಲ್ಲಿ ಬಸ್ಸು ಬಿಡಬಹುದಾ ಎನ್ನುವುದು ಜಯಣ್ಣನ ಮೊದಲ ಪ್ರಶ್ನೆ. ಗಾಯ ಪೂರ್ತಿ ಮಾಗಿದ ಮೇಲೆ ಬಿಡಬಹುದು ಎಂಬ ಉತ್ತರ ಸಿಕ್ಕಿತು. ಬೀಡಿ ಬಿಡಬೇಕು, ಕೇಳದೆ ನೋವಿನ ಮಾತ್ರೆ ನುಂಗಬಾರದು.

ಆಪರೇಷನ್ನಿನ ಹಿಂದಿನ ಸಂಜೆ ಮಗಳು ಪ್ರಣೀತಾ ಚಹಾ ತರಲು ಕೆಳಗೆ ಹೋಗಿದ್ದಳು. ದೇಯಿ ಅವನ ಉಗುರು ಕತ್ತರಿಸುತ್ತಿದ್ದಳು. ಇಷ್ಟು ದಿನ ಕೇಳದೆ ಇಟ್ಟುಕೊಂಡಿದ್ದನ್ನು ಆಗ ಕೇಳಿದಳು.

"ಕಾಸಿಮನಿಗೆ ಗೊತ್ತಿತ್ತು. ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ ಮೇಲೆ ನಿನ್ನ ಮುಖ ನೋಡ್ಬೇಕಲ್ಲ," ಎಂದ ಜಯಣ್ಣ. "ಅದು ನನ್ನಿಂದ ಆಗ್ತಿರಲಿಲ್ಲ."

"ಈಗ ನೋಡಿ," ಎಂದಳು. ಅವನು ನೋಡಿದ. ಆ ಕೈಯ ಉಗುರು ಮುಗಿಸಿ ಅವಳು ಇನ್ನೊಂದು ಕೈ ಕೊಡಿ ಎಂದಳು.

ಆಪರೇಷನ್ ಸುಸೂತ್ರವಾಯಿತು. ತೆಗೆದ ಗಡ್ಡೆಯ ಪರೀಕ್ಷೆಯಲ್ಲಿ ಅದು ಕ್ಯಾನ್ಸರೆಂದು ಖಚಿತವಾಯಿತು, ಹೊರಗೆ ಹರಡಿಲ್ಲವೆಂಬುದೂ ತಿಳಿಯಿತು. ಆಗಾಗ ಸ್ಕ್ಯಾನ್ ಮಾಡಿಸುತ್ತಿರಬೇಕೆಂದು ಡಾಕ್ಟರರು ಹೇಳಿದರು. ಮೊದಲ ಎರಡು ಸ್ಕ್ಯಾನುಗಳಲ್ಲಿ ಏನೂ ಕಾಣಲಿಲ್ಲ. ಪ್ರತಿ ಸಲ ರಿಪೋರ್ಟ್ ಬರುವವರೆಗೆ ದೇಯಿ ಹೊಲಿಗೆ ಮಷಿನ್ನಿನ ಮುಂದೆ ಕೂರುವುದಿಲ್ಲ, ಹೊಲಿಗೆ ಓರೆಯಾಗುತ್ತದಂತೆ.

ಜಯಣ್ಣ ಈಗ ಬೆಳಗಿನ ಟ್ರಿಪ್ಪುಗಳನ್ನು ಮಾತ್ರ ಮಾಡುತ್ತಾನೆ. ಮೊನ್ನೆ ಬೇರೊಂದು ಬಸ್ಸಿನ ಡ್ರೈವರ್ ಎಲ್ರೊಯ್ ಕಿಟಕಿಯ ಕೆಳಗೆ ಬಂದು ನಿಂತು, ಟಯರಿನ ಮಾತಾಡಿ, ಮಳೆಯ ಮಾತಾಡಿ, ಮಾತು ಮುಗಿದರೂ ಹೋಗದೆ ಅಲ್ಲೇ ನಿಂತ. ನಿಮಗೆ ಮೊದಲು ಹೇಗೆ ಶುರುವಾದದ್ದು ಎಂದು ಕೇಳಿದ. ಅವನ ಮುಖ ನೋಡಿದ ಜಯಣ್ಣ ಇಂಜಿನ್ ಬಂದ್ ಮಾಡಿದ.

"ನಿನಗೆ ಎಂತ ಕಂಡಿತು, ಅದನ್ನು ಮೊದಲು ಹೇಳು," ಎಂದು ಕೆಳಗಿಳಿದು ಅವನ ಹೆಗಲ ಮೇಲೆ ಕೈಯಿಟ್ಟ.