ನಾಲ್ಕು ಮೂಲೆಯ ಕಾರ್ಡು

ಮೈದಾ ಅಂಟು ಕುದಿಯುವಾಗ ಬರುವ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಒಲೆಯ ಮೇಲಿಟ್ಟು ಮರೆತ ಗಂಜಿಯ ವಾಸನೆಗೆ ಹತ್ತಿರದ್ದು. ಹೊಗಳುವಂಥದ್ದೇನೂ ಅಲ್ಲ. ಆದರೆ ಇವತ್ತು ಬೆಳಿಗ್ಗೆ ಪುಣೆಯ ಕೋಥರೂಡದ ನಮ್ಮ ಮನೆಯ ತುಂಬ ಅದು ಹರಡಿದಾಗ ನನಗೆ ಹಬ್ಬದ ದಿನ ಎದ್ದಷ್ಟು ಖುಷಿಯಾಯಿತು. ಹೊರಗಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ಮೂಗು ಏರಿಸಿ, “ಏನ್ ಮಾಡ್ಲಿಕ್ಕತ್ತೀ? ಪಾಯಸಾ ಏನು?” ಎಂದು ಆಸೆಯಿಂದ ಕೇಳಿದರು. “ಅಂಟುರೀ” ಎಂದೆ. “ಹಂಗಾರ ಬಾರಾಮತಿ ಕೆಲಸ” ಎಂದು ನಿಟ್ಟುಸಿರು ಬಿಟ್ಟು ಮತ್ತೆ ಪೇಪರಿನಲ್ಲಿ ಮುಳುಗಿದರು.

ಬಾರಾಮತಿ ಕೆಲಸವೇ ಹೌದು. ನಿನ್ನೆ ಅಲ್ಲಿಂದ ನನ್ನ ಪತ್ರದ ಗೆಳತಿ ಕುಮುದಕ್ಕನ ಕಾರ್ಡು ಬಂತು. ವಿಳಾಸವನ್ನು ಅವರ ಸೊಸೆ ಮರಾಠಿಯಲ್ಲಿ ಬರೆದಿದ್ದಳು. ಹಿಂದೆ ತಿರುವಿದರೆ ಒಂದಕ್ಷರವೂ ಇಲ್ಲ, ಅರಿಷಿಣದ ನಾಲ್ಕು ಬೊಟ್ಟು ಮಾತ್ರ. ಕುಮುದಕ್ಕನ ಕಣ್ಣು ವರ್ಷದಿಂದ ಮಂಜಾಗುತ್ತ ಬಂದು ಈಗ ಓದುವುದೂ ಬರೆಯುವುದೂ ನಿಂತೇಹೋಗಿದೆ. ಓದಲಾಗದವರಿಗೆ ಏನೆಂದು ಉತ್ತರ ಬರೆಯುವುದು, ನೀವೇ ಹೇಳಿ. ನಿನ್ನೆಯಿಂದ ನನ್ನ ತಲೆ ತಿಂದದ್ದು ಇದೊಂದೇ ಪ್ರಶ್ನೆ.

ಕುಮುದಕ್ಕ ನನಗೆ ಗಂಟುಬಿದ್ದದ್ದು ಮುಳಗಾಯಿಯಿಂದ. ನೀವು ಬದನೆಕಾಯಿ ಎನ್ನುತ್ತೀರೇನೋ, ಧಾರವಾಡದ ಕಡೆಯವಳಾದ ನನಗೆ ಅದು ಮುಳಗಾಯಿಯೇ. ಮದುವೆಯಾಗಿ ಪುಣೆಗೆ ಬಂದ ಹೊಸತರಲ್ಲಿ ಇಲ್ಲಿಯ ಮಾರುಕಟ್ಟೆಯ ಕಾಯಿ ಬಾಯಿಗೆ ಹತ್ತದೆ, ಒಂದು ಕನ್ನಡ ವಾರಪತ್ರಿಕೆಯ ಓದುಗರ ಪುಟಕ್ಕೆ ನನ್ನ ದುಃಖವನ್ನೆಲ್ಲ ತೋಡಿಕೊಂಡು ಬರೆದಿದ್ದೆ. ಆಗ ಪತ್ರಿಕೆಗಳು ಹೆಸರಿನ ಜೊತೆ ಪೂರ್ತಿ ವಿಳಾಸವನ್ನೂ ಅಚ್ಚು ಹಾಕುತ್ತಿದ್ದವು. ಸ್ವಲ್ಪ ದಿನಕ್ಕೆ ಒಂದು ಲಕೋಟೆ ಬಂತು. ಹಳೆಯ ಕ್ಯಾಲೆಂಡರಿನ ಹಾಳೆ ಮಡಚಿ ಮಾಡಿದ್ದು. ಹೊರಮೈಯಲ್ಲಿ ಅರ್ಧ ಲಕ್ಷ್ಮಿ, ಅರ್ಧ ಆನೆ. ಒಳಗೆ ಚಿಂದಿಯಲ್ಲಿ ಕಟ್ಟಿದ ಚಿಟಿಕೆ ಬೀಜ, ಒಂದು ಚೀಟಿ. “ಮುಳಗಾಯಿ ಸಿಗೂದಿಲ್ಲ ಅಂತ ಪೇಪರದಾಗ ಅಳಬ್ಯಾಡ್ರಿ. ಇವನ್ನ ಕುಂಡದಾಗ ಹಾಕ್ರಿ. ನಾನೂ ಅಥಣಿ ಕಡೆಯಾಕಿ, ನಿಮ್ಮ ಸಂಕಟ ನನಗ ಗೊತ್ತದ.” ಗಂಡ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿದ್ದುದರಿಂದ ಬಾರಾಮತಿಗೆ ಬಂದು ನೆಲೆಸಿದವರು, ನನಗಿಂತ ಹತ್ತಾರು ವರ್ಷ ಹಿರಿಯರು ಎಂದು ಮುಂದಿನ ಪತ್ರಗಳಲ್ಲಿ ತಿಳಿಯಿತು.

ಬೀಜ ಹಾಕಿದೆ. ನಮ್ಮ ಗ್ಯಾಲರಿಯ, ಅಂದರೆ ಬಾಲ್ಕನಿಯ, ಕುಂಡದಲ್ಲಿ ಇಡೀ ಬೇಸಿಗೆಗೆ ಒಂದೇ ಒಂದು ಕಾಯಿ ಬಿಟ್ಟಿತು. ಅದನ್ನು ಪಲ್ಯ ಮಾಡಲು ಮನಸ್ಸು ಬಾರದೆ, ಕಾರ್ಡಿನ ಮೇಲೆ ಅದರ ಚಿತ್ರ ಬಿಡಿಸಿ ಬಣ್ಣ ಬಳಿದು ಕಳಿಸಿದೆ. “ಬಾತುಕೋಳಿ ಭಾಳ ಛಂದ ಬಂದದ. ಮುಳಗಾಯಿ ಸುದ್ದಿ ಏನು?” ಎಂದು ಉತ್ತರ ಬಂತು. ಅಂದೇ ಚಿತ್ರಕಲೆಗೆ ಕೈಮುಗಿದು ಕತ್ತರಿ, ಅಂಟು ಹಿಡಿದೆ.

ಆಮೇಲೆ ಏನೇನು ಕತ್ತರಿಸಲಿಲ್ಲ! ಲಗ್ನಪತ್ರಿಕೆ, ಸೀರೆಯ ಡಬ್ಬಿ, ಅಗರಬತ್ತಿಯ ಕೊಳವೆ. ಮನೆಯಲ್ಲಿ ಯಾವ ಡಬ್ಬಿ ಬಿಚ್ಚಿದರೂ ಯಜಮಾನರು ಮೊದಲು ನನ್ನ ಮುಖ ನೋಡಿ, ಆಮೇಲೆ ಅದನ್ನು ಕಸಕ್ಕೆ ಹಾಕುವ ಧೈರ್ಯ ಮಾಡುತ್ತಿದ್ದರು. ಒಮ್ಮೆ ಲೋಣಾವಳಾಕ್ಕೆ ಹೋದಾಗ ಚಿಕ್ಕಿಯ ಡಬ್ಬಿಯನ್ನೇ ಕಾರ್ಡಿನ ಅಳತೆಗೆ ಕತ್ತರಿಸಿ, ಮಳೆಯ ಸುದ್ದಿ ಬರೆದು, ಅಲ್ಲೇ ಪೋಸ್ಟಿಗೆ ಹಾಕಿದ್ದೆ. “ನಿನ್ನ ಕಾರ್ಡಿನ ಜೋಡಿ ಇರಿವಿನೂ ಬಂದಾವ. ಇರಲಿ ಬಿಡು, ಸಕ್ಕರಿ ಫ್ಯಾಕ್ಟರಿ ಊರಾಗ ಅವುಕ್ಕ ಏನ್ ಕಡಿಮಿ” ಎಂದು ಬರೆದರು. ಅಷ್ಟರಲ್ಲಿ ನಾನು ‘ನೀವು’ ಹೋಗಿ ‘ನೀನು’ ಆಗಿದ್ದೆ.

ನಮ್ಮ ಸೊಸೈಟಿಯಲ್ಲಿ ಟಪಾಲು ಪೆಟ್ಟಿಗೆಗಳು ಜಿನೆಯ, ಅಂದರೆ ಮೆಟ್ಟಿಲುಗಳ, ಕೆಳಗೆ ಕತ್ತಲಲ್ಲಿವೆ. ಒಳಗೆ ಕೈ ಹಾಕಿದರೆ ಕಣ್ಣಿಗಿಂತ ಮೊದಲು ಬೆರಳಿಗೇ ತಿಳಿಯುತ್ತಿತ್ತು. ಲೈಟ್ ಬಿಲ್ಲಿನ ನುಣುಪು ಬೇರೆ, ಕುಮುದಕ್ಕನ ಕಾರ್ಡಿನ ಉಬ್ಬುತಗ್ಗು ಬೇರೆ. ಆ ಒಂದು ಕ್ಷಣದ ಸುಖಕ್ಕಾಗಿ ನಾನು ದಿನಾ ಮೂರು ಮಹಡಿ ಇಳಿಯುತ್ತಿದ್ದೆ. ಮೊಣಕಾಲಿಗೆ ವ್ಯಾಯಾಮ ಎಂದು ಮನೆಯಲ್ಲಿ ಹೇಳುತ್ತಿದ್ದೆ.

ಇಷ್ಟೆಲ್ಲ ಇದ್ದೂ ನಾವು ಭೇಟಿಯಾಗಿರಲಿಲ್ಲ. ಬಾರಾಮತಿ ಏನೂ ದೂರವಲ್ಲ, ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮುಟ್ಟಬಹುದು. ಆದರೆ ಮೊದಲೇ ಕುಮುದಕ್ಕ ಬರೆದಿದ್ದರು: “ಭೆಟ್ಟಿ ಆದ್ರ ನೀ ನನ್ನ ಸೀರಿ ನೋಡ್ತಿ, ನಾ ನಿನ್ನ ಮನಿ ನೋಡ್ತೀನಿ. ಪತ್ರದಾಗ ಬರೇ ನಿನ್ನ ನೋಡ್ತೀನಿ. ಫೋನೂ ಬ್ಯಾಡ.” ನನಗೂ ಅದು ಸರಿ ಕಂಡಿತು. ಗಂಡ, ಅತ್ತೆ, ಮಕ್ಕಳು ಯಾರ ಮುಂದೆಯೂ ಆಡದ್ದನ್ನು ಕಾರ್ಡಿನಲ್ಲಿ ಬರೆದು ಹಗುರಾಗಿದ್ದೆ. ಎದುರಿಗೆ ಬಂದು ಚಹಾ ಕುಡಿದರೆ ಅದೆಲ್ಲ ಕೆಟ್ಟೀತೆಂಬ ಹೆದರಿಕೆ ಇಬ್ಬರಿಗೂ ಇತ್ತು.

ಆ ಕರಾರು ಮುರಿದದ್ದು ಒಂದು ಮೂಲೆಯಿಂದ. ಕೆಲವು ವರ್ಷಗಳ ಹಿಂದೆ ಅಪ್ಪಾ ಬಳವಂತ ಚೌಕದ ಕಾಗದದ ಅಂಗಡಿಯಲ್ಲಿ ನನಗೊಂದು ಹೊಸ ಆಟಿಕೆ ಸಿಕ್ಕಿತು. ಕಾರ್ಡಿನ ಮೂಲೆಯನ್ನು ಒಳಗಿಟ್ಟು ಒತ್ತಿದರೆ ಹೂವಿನ ಎಸಳಿನ ಆಕಾರದಲ್ಲಿ ಕತ್ತರಿಸಿ ಕೊಡುವ ಪಂಚು. ಮನೆಗೆ ಬಂದವಳೇ ಒಂದು ಕಾರ್ಡಿಗೆ ಕಾಗದದ ಹೂವಿನ ಪಕಳೆ ಅಂಟಿಸಿ, ಮೇಲಿನ ಒಂದು ಮೂಲೆಯನ್ನು ಕಚಕ್ಕನೆ ಕತ್ತರಿಸಿದೆ. ನಾಲ್ಕೂ ಕತ್ತರಿಸಿದರೆ ಅತಿಯಾದೀತು, ಒಂದೇ ಇದ್ದರೆ ಕಲೆ ಎಂದು ನನ್ನ ಲೆಕ್ಕ. ನನ್ನ ಸೌಂದರ್ಯಪ್ರಜ್ಞೆಗೆ ನಾನೇ ಬೀಗಿ ಪೋಸ್ಟಿಗೆ ಹಾಕಿ ಬಂದೆ.

ನಮ್ಮ ಕಡೆ ಮೂಲೆ ಹರಿದ ಕಾರ್ಡು ಅಂದರೆ ಏನು ಎಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಯಾರಾದರೂ ತೀರಿಕೊಂಡರೆ ಬಳಗಕ್ಕೆಲ್ಲ ಕಾರ್ಡಿನ ಒಂದು ಮೂಲೆ ಹರಿದು ಬರೆಯುತ್ತಿದ್ದರು. ಅಂಥ ಕಾರ್ಡನ್ನು ಹೊಸ್ತಿಲ ಒಳಗೆ ತರುತ್ತಿರಲಿಲ್ಲ. ಹೊರಗೇ ಓದಿ, ಅಲ್ಲೇ ಹರಿದು ಹಾಕಿ, ತಲೆಯ ಮೇಲೆ ನೀರು ಸುರಿದುಕೊಂಡು ಒಳಗೆ ಬರುವುದು. ಚಿಕ್ಕಂದಿನಲ್ಲಿ ಅಜ್ಜಿ ಹಿತ್ತಿಲಲ್ಲಿ ಹಾಗೆ ನೆನೆದು ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಫೋನು ಬಂದ ಮೇಲೆ ಅಂಥ ಕಾರ್ಡು ಬರುವುದೇ ನಿಂತು, ಪಂಚು ಒತ್ತುವಾಗ ಅದು ನೆನಪಿನ ಹತ್ತಿರವೂ ಸುಳಿಯಲಿಲ್ಲ.

ಬಾರಾಮತಿಯಲ್ಲಿ ಆ ಕಾರ್ಡು ಸಿಕ್ಕಿದ್ದು ಕುಮುದಕ್ಕನ ಅತ್ತೆಯ ಕೈಗೆ. ಎಂಬತ್ತು ದಾಟಿದ ಅಜ್ಜಿ, ಅಕ್ಷರ ಬಾರದು. ಹೊರಗಿನ ಕಟ್ಟೆಯ ಮೇಲೆ ಕೂತು ಟಪಾಲು ಇಸಿದುಕೊಳ್ಳುವುದು ಅವರ ಅಧಿಕಾರ. ಬಣ್ಣಬಣ್ಣದ ಕಾರ್ಡು ಬಂದರೆ ಪುಣೆಯ ಗೆಳತಿಯದೆಂದು ಅವರಿಗೆ ಗೊತ್ತು. ಮೂಲೆ ಇಲ್ಲದ್ದನ್ನು ನೋಡಿದವರೇ ಕಾರ್ಡನ್ನು ಚೂರುಚೂರು ಮಾಡಿ ಗಟಾರಕ್ಕೆ ಹಾಕಿ, ಕೊಡ ನೀರು ಸುರಿದುಕೊಂಡು, ಒಳಗೆ ಕೂಗಿ ಹೇಳಿದರಂತೆ: “ಕುಮುದಾ, ಜಳಕಾ ಮಾಡವಾ. ಪುಣೆದ ನಿನ್ನ ಗೆಳತಿ ಹೋದಳು.”

ಮರುದಿನ ಮಧ್ಯಾಹ್ನ ನಮ್ಮ ಮನೆಯ ಕರೆಗಂಟೆ ಸದ್ದಾಯಿತು. ಕೈಗೆ ಅಂಟು ಮೆತ್ತಿಕೊಂಡೇ ಬಾಗಿಲು ತೆಗೆದೆ. ಎತ್ತರದ, ತೆಳ್ಳಗಿನ ಹೆಂಗಸು, ಅತ್ತು ಅತ್ತು ಕೆಂಪಾದ ಕಣ್ಣು, ಕೈಯಲ್ಲಿ ದೊಡ್ಡದೊಂದು ಬಟ್ಟೆಯ ಚೀಲ.

“ಯಜಮಾನರು ಅದಾರೇನ್ರಿ?” ಎಂದರು.

“ಹೊರಗ ಹೋಗ್ಯಾರ್ರಿ. ತಾವು ಯಾರು?”

“ನಾ ಬಾರಾಮತಿಯಿಂದ ಬಂದೇನಿ. ಅಕಿ ಪತ್ರದ ಗೆಳತಿ.” ಸೆರಗು ಬಾಯಿಗೆ ಹಿಡಿದುಕೊಂಡರು. “ಹೆಂಗಾತು ಇದು? ನೀವು ಅಕಿ ತಂಗೀ ಏನು?”

“ಕುಮುದಕ್ಕಾ, ನಾನs ರೀ! ನನಗೇನಾಗೇದ?” ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅಂಟು ಮೆತ್ತಿದ ನನ್ನ ಕೈಯನ್ನು ಹಿಡಿದು ನೋಡಿದರು. ಆಮೇಲೆ ಅಲ್ಲೇ ಚಪ್ಪಲಿಯ ಸ್ಟ್ಯಾಂಡಿನ ಪಕ್ಕ ಕುಸಿದು ಕೂತು ಗಟ್ಟಿಯಾಗಿ ಅತ್ತರು. ಅಳು ಮುಗಿದ ಮೇಲೆ ಬೈಗುಳ ಶುರುವಾಯಿತು. “ಮೂಲಿ ಕತ್ತರಿಸಿ ಕಳಸೀಯಲ್ಲ, ಬುದ್ಧಿ ಎಲ್ಲಿ ಇಟ್ಟಿದ್ದಿ? ಬಸ್ಸಿನ್ಯಾಗ ಇಡೀ ಹಾದಿ ಅತಗೋತ ಬಂದೇನಿ. ಬಾಜೂಕ ಕೂತಾಕಿ ತನ್ನ ಮಗಳ ಲಗ್ನದ ಲಾಡು ಕೊಟ್ಟಳು, ಅದನ್ನೂ ತಿನ್ನಲಿಲ್ಲ!”

ಚೀಲದಲ್ಲಿ ಬುತ್ತಿ ಇತ್ತು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ, ಅದಕ್ಕೆ ನನ್ನ ಗಂಡ ಮಕ್ಕಳು ಉಪವಾಸ ಬೀಳಬಾರದೆಂದು ರೊಟ್ಟಿ, ಕಡಲೆಹಿಟ್ಟಿನ ಜುಣಕ, ಮೊಸರನ್ನ ಕಟ್ಟಿಕೊಂಡು ಬಂದಿದ್ದರು. ಅಷ್ಟರಲ್ಲಿ ಯಜಮಾನರು ಬಂದರು. ಕುಮುದಕ್ಕ ಗಡಬಡಿಸಿ ಎದ್ದು, “ನಿಮ್ಮ ಹೆಂಡ್ತಿ ಜೀವಂತ ಅದಾಳ್ರಿ!” ಎಂದರು. “ಹೌದ್ರಿ, ಅದು ನನಗ ದಿನಾ ಗೊತ್ತಾಗ್ತದ” ಎಂದರು ಇವರು. ಮೂವರೂ ಕೂತು ನನ್ನ ಸಾವಿನ ಬುತ್ತಿ ಬಿಚ್ಚಿ ಉಂಡೆವು. ಅಂಥ ರುಚಿಯಾದ ಜುಣಕ ನಾನು ಬದುಕಿನಲ್ಲೇ ತಿಂದಿಲ್ಲ. ನಾನು ಸತ್ತರೆ ಬುತ್ತಿ ಕಟ್ಟಿಕೊಂಡು ಓಡಿ ಬಂದು ಇಷ್ಟು ಅಳುವವರೊಬ್ಬರು ಇದ್ದಾರೆಂದು ಅವತ್ತು ತಿಳಿದು, ರೊಟ್ಟಿ ಮುರಿಯುತ್ತಲೇ ನನಗೂ ಅಳು ಬಂತು.

ನಕ್ಕು ಅತ್ತು ಮುಗಿದ ಮೇಲೆ, ಕಾರ್ಡಿನಲ್ಲಿ ಅಷ್ಟೊಂದು ಹರಟುವ ನಾವು ಬಸ್ಸಿನ ವೇಳೆ, ಮೊಣಕಾಲು ನೋವು ಎಂದು ತಡವರಿಸಿದೆವು. ಎಲ್ಲಾ ಕೆಟ್ಟಿತು ಎಂದುಕೊಂಡೆ. ಹೊರಡುವಾಗ ಕುಮುದಕ್ಕ ಫೋನ್ ನಂಬರು ಬರೆಸಿಕೊಂಡು ಹೇಳಿದರು: “ಇದು ಅಡಚಣಿಗೆ ಇಷ್ಟs. ಇನ್ನ ಮ್ಯಾಲೆ ಕಾರ್ಡಿನ ನಾಕೂ ಮೂಲಿಗೆ ಅರಿಷಿಣ ಹಚ್ಚು. ನಾನೂ ಹಚ್ತೀನಿ. ಮೂಲಿ ನೋಡಿದ ಕೂಡ್ಲೆ ಜೀವ ತಂಪಾಗಬೇಕು.” ವಾರದೊಳಗೆ ಕಾರ್ಡು ಬಂತು. “ಮೊನ್ನೆ ನಿಮ್ಮ ಮನಿಗೆ ಬಂದಾಕಿ ಭಾಳ ನಾಚಿಕಿಯಾಕಿ, ಅಕೀ ಮಾತು ಬಿಡು. ಈಗ ನಾ ಬರ್ಯಾಕತ್ತೇನಿ, ಕೇಳು.” ನಾಲ್ಕು ಮೂಲೆಯಲ್ಲೂ ಅರಿಷಿಣ. ನನ್ನ ಜೀವವೂ ತಂಪಾಯಿತು.

ಅಂದಿನಿಂದ ನಮ್ಮ ಕಾರ್ಡುಗಳಿಗೆ ಮೂಲೆ ತಪ್ಪಿಲ್ಲ. ಆದರೆ ನಿನ್ನೆ ಬಂದದ್ದನ್ನು ನೋಡಿ ನಾನು ಜಿನೆಯಲ್ಲೇ ನಿಂತುಬಿಟ್ಟೆ. ಒಂದು ಬೊಟ್ಟು ಮೂಲೆಯಲ್ಲಿದೆ, ಒಂದು ಜಾರಿ ನಡುಮಧ್ಯಕ್ಕೆ ಬಂದಿದೆ, ಇನ್ನೆರಡು ಒಂದರ ಮೇಲೊಂದು ಬಿದ್ದಿವೆ. ತಡಕಾಡಿ ಹಚ್ಚಿದ ಬೆರಳು.

ಸಂಜೆ ಫೋನ್ ಮಾಡಿದೆ. “ಮುಟ್ಟೇದೇನು?” ಎಂದು ಕೇಳಿದರು. “ಅದs ಕಡೀ ಕಾರ್ಡು ನೋಡವಾ. ಕಣ್ಣಿನ ನರಾ ಒಣಗ್ಯಾವಂತ, ಆಪರೇಶನ್ನಿಗೂ ಬಗ್ಗೂದಿಲ್ಲಂತ. ಸೊಸಿಗೆ ಕನ್ನಡ ಓದಾಕ ಬರೂದಿಲ್ಲ. ಇನ್ನ ನೀನೂ ಕಳಸಬ್ಯಾಡ, ಸುಮ್ನ ತ್ರಾಸು.”

“ಫೋನಿನ್ಯಾಗ ಮಾತಾಡೂಣಲ್ಲಾ, ಅಕ್ಕಾ” ಎಂದೆ.

“ಮಾತಾಡೂಣು” ಎಂದರು. “ಆದ್ರ ಫೋನ್ ಇಟ್ಟ ಮ್ಯಾಲೆ ಕೈಯಾಗ ಏನೂ ಉಳಿಯೂದಿಲ್ಲ, ಅಲ್ಲs?”

ಇವತ್ತು ಬೆಳಿಗ್ಗೆ ಗ್ಯಾಲರಿಯ ಗಿಡದಿಂದ ಮುಳಗಾಯಿ ಕೀಳಲು ಹೋದೆ. ಅವರು ಕಳಿಸಿದ ಬೀಜದ ಸಂತಾನವೇ, ವರ್ಷ ವರ್ಷ ಬೀಜ ತೆಗೆದಿಟ್ಟು ಬೆಳೆಸಿಕೊಂಡು ಬಂದದ್ದು. ತೊಟ್ಟಿನ ಮುಳ್ಳು ಹೆಬ್ಬೆರಳಿಗೆ ಚುಚ್ಚಿತು. ಆಗ ಕುಮುದಕ್ಕನ ಅತ್ತೆ ನೆನಪಾದರು. ಅಜ್ಜಿ ಈಗಿಲ್ಲ. ಆದರೆ ಆ ಗದ್ದಲದ ಮೇಲೆ, ಇರುವ ತನಕವೂ, ನನ್ನ ಪ್ರತಿ ಕಾರ್ಡಿನ ನಾಲ್ಕೂ ಮೂಲೆಯ ಮೇಲೆ ಹೆಬ್ಬೆರಳು ಆಡಿಸಿ, “ಕುಮುದಾ, ನಿನ್ನ ಗೆಳತಿ ಆರಾಮದಾಳ” ಎಂದು ಕೂಗಿ ಹೇಳಿಯೇ ಒಳಗೆ ಕಳಿಸುತ್ತಿದ್ದರಂತೆ. ಅಕ್ಷರ ಬಾರದ ಅಜ್ಜಿ ನನ್ನ ಪತ್ರವನ್ನು ಅಷ್ಟು ವರ್ಷ ಓದಿದ್ದು ಹೆಬ್ಬೆರಳಿನಿಂದ. ಮುಳಗಾಯಿಯನ್ನು ಅಡುಗೆಕಟ್ಟೆಯ ಮೇಲಿಟ್ಟು ಮೈದಾ ಡಬ್ಬಿ ಕೆಳಗಿಳಿಸಿದೆ.

ಈಗ ನನ್ನ ಮುಂದೆ ಕಾರ್ಡು ಸಿದ್ಧವಾಗಿದೆ. ಚಿಕ್ಕಿ ಡಬ್ಬಿಯ ದಪ್ಪ ರಟ್ಟು. ಅದರ ಮೇಲೆ ನಮ್ಮ ಗ್ಯಾಲರಿ: ಕಂಬಿಗಳಿಗೆ ಸುತಳಿ, ಕುಂಡಕ್ಕೆ ಗೋಣಿತಟ್ಟಿನ ಚೂರು, ಕುಂಡದ ಮೇಲೆ ಬೀಜಕ್ಕೆ ಬಿಟ್ಟು ಒಣಗಿದ ಮುಳಗಾಯಿಯ ತೊಟ್ಟು, ಮುಳ್ಳಿನ ತುದಿ ಮಾತ್ರ ತುಸು ಉಜ್ಜಿ ಮೊಂಡು ಮಾಡಿದ್ದೇನೆ. ಪಕ್ಕದಲ್ಲಿ ನನ್ನ ಹಳೆಯ ಸೀರೆಯ ಅಂಚು, ಅದು ನಾನು. ನಾಲ್ಕೂ ಮೂಲೆಗೆ ಅಂಟು ಹಚ್ಚಿ ಅದೇ ಗಿಡದ ಚಿಟಿಕೆ ಚಿಟಿಕೆ ಬೀಜ ಒತ್ತಿದೆ. ಮೇಲೆ ಅರಿಷಿಣವನ್ನೂ ಉದುರಿಸಿದೆ, ಕಾಣದಿದ್ದರೂ ವಾಸನೆಯಾದರೂ ಬರಲಿ. ಬಾತುಕೋಳಿ ಎನ್ನಲು ಈ ಸಲ ದಾರಿಯೇ ಇಲ್ಲ.

ಪರೀಕ್ಷೆಗೆಂದು ಯಜಮಾನರನ್ನು ಕಣ್ಣು ಮುಚ್ಚಿಸಿ ಕೂರಿಸಿ ಕಾರ್ಡು ಕೈಗಿತ್ತೆ. “ಸುತಳಿ... ಅರಿವಿ... ಅಯ್ಯ, ಇದು ಮುಳಗಾಯಿ!” ಎಂದರು.

“ಮೂಲಿ ನೋಡ್ರಿ” ಎಂದೆ.

ಅವರ ಹೆಬ್ಬೆರಳು ಒಂದೊಂದೇ ಮೂಲೆಯ ಮೇಲೆ ನಿಧಾನವಾಗಿ ಹೋಗಿ ನಿಂತಿತು. “ನಾಕೂ ಅದಾವ” ಎಂದರು, ಕಣ್ಣು ತೆರೆಯದೆಯೇ. “ಆರಾಮದೀ ನೀನು.”

ಕಡೇ ಕಾರ್ಡು ಎಂದಿದ್ದಾರೆ ಕುಮುದಕ್ಕ. ನೋಡೋಣ, ಇದು ಅವರ ಕೈ ಸೇರಲಿ. ಅಂಟು ಒಣಗಲೆಂದು ಗ್ಯಾಲರಿಯ ಬಿಸಿಲಿನಲ್ಲಿ, ಗಿಡದ ಪಕ್ಕ ಇಟ್ಟು ಬಂದಿದ್ದೇನೆ.