ರೊಟ್ಟಿ ಬಡಿದ ಕೈ ಎಂದುಕೊಂಡೆ

ರೋಗ ಗೊತ್ತಾದಾಗ ನನಗೆ ಅರವತ್ತೊಂದು. ಈಗ್ಗೆ ಎಂಟು ತಿಂಗಳ ಹಿಂದಿನ ಮಾತು.

ರೋಗ ಅದಕ್ಕಿಂತ ಹಳೆಯದು. ಶಹಾಪುರದ ಒಂದು ಖಾನಾವಳಿಗೆ ಇಪ್ಪತ್ತು ವರ್ಷ ಜೋಳದ ರೊಟ್ಟಿ ಬಡಿದವಳು ನಾನು. ಬಳೆ ಮಾರುವ ಖಾಸಿಂಬಿ ಬರಬರುತ್ತ ನನಗೆ ದೊಡ್ಡ ದೊಡ್ಡ ಸೈಜು ತೆಗೆಯತೊಡಗಿದಳು. ಕಡೆಗೊಮ್ಮೆ ಅವಳ ಪೆಟ್ಟಿಗೆಯಲ್ಲಿದ್ದ ಯಾವುದೂ ಏರಲಿಲ್ಲ.

“ಅಕ್ಕಾ, ಇದು ಹೆಣ್ಮಕ್ಕಳ ಕೈ ಅಲ್ಲ, ಹಮಾಲರ ಕೈ ಆಗ್ಯಾದ,” ಅಂದಳು.

“ರೊಟ್ಟಿ ಬಡದ್ರ ಕೈ ಅಗಲ ಆಗ್ತಾದ. ನೀನೂ ಬಡಿ, ತಿಳೀತದ,” ಅಂದೆ.

ನಕ್ಕೆವು. ಖಾನಾವಳಿಯಲ್ಲಿ ಎಲ್ಲರೂ ಹಾಗೇ ನಂಬಿದ್ದೆವು. ಚಪ್ಪಲಿಯೂ ಬಿಗಿಯಾಗುತ್ತಿತ್ತು. ಕಾಲಿನಿಂದ ಯಾರೂ ರೊಟ್ಟಿ ಬಡಿಯುವುದಿಲ್ಲ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಸಕ್ಕರೆ ರೋಗ ಬಂತು. ದನಿ ದಪ್ಪಗಾಯಿತು. ತಲೆನೋವು. ನಡೆಯುವಾಗ ಬಾಗಿಲ ಚೌಕಟ್ಟು ಭುಜಕ್ಕೆ ಬಡಿಯತೊಡಗಿತು. ವಯಸ್ಸು ಎಂದರು.

ಯಾದಗಿರಿಯ ದೊಡ್ಡ ದವಾಖಾನೆಯಲ್ಲಿ ಡಾಕ್ಟರಕಿ ಓದುವವರ ಪರೀಕ್ಷೆಗೆ ಶುಗರ್ ಪೇಷಂಟ್ ಬೇಕಾಗಿತ್ತು. ನನ್ನನ್ನು ಮಂಚದ ಮೇಲೆ ಕೂರಿಸಿ, ರೋಗದ ಹೆಸರು ಹೇಳಬೇಡ ಎಂದರು. ಮೂವರು ಬಂದು ಕಾಲು ನೋಡಿ, ಶುಗರ್ ಎಂದು ಬರೆದು ಹೋದರು. ನಾಲ್ಕನೆಯವಳು, ಸುರಪುರದ ಕಡೆಯ ಹುಡುಗಿ, ಹಿಡಿದ ಕೈ ಬಿಡಲಿಲ್ಲ. ಬಳೆ ಸೈಜು ಕೇಳಿದಳು. ಹಲ್ಲಿನ ಸಂದು ನೋಡಿದಳು. ಹಳೆಯ ಫೋಟೋ ಬೇಕೆಂದಾಗ ಆಧಾರ್ ಕಾರ್ಡು ಕೊಟ್ಟೆ. ಅದನ್ನೂ ನನ್ನ ಮುಖವನ್ನೂ ಸರದಿಯಂತೆ ನೋಡಿದಳು. ಆಮೇಲೆ ಎದುರು ಕೂತು, ಎರಡೂ ಕೈ ಪಕ್ಕಕ್ಕೆ ಚಾಚಿದಳು.

“ಆಯಿ, ಬೆರಳ ಆಡಸಾಕತ್ತೀನಿ. ಕಾಣ್ತಾವೇನ್ರಿ?”

“ಎಲ್ಲಿ ಬೆರಳು?” ಅಂದೆ.

ಹುಡುಗಿ ಕೈ ಇಳಿಸಿ ಎದ್ದಳು.

ಅವಳೇ ಹೋಗಿ ದೊಡ್ಡ ಡಾಕ್ಟರರನ್ನು ಕರೆತಂದಳು. ರಕ್ತ ತಪಾಸಣೆ, ಎಂಆರ್‌ಐ ಆದವು. ತಲೆಯೊಳಗೆ, ಮೂಗಿನ ಹಿಂದೆ, ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ. ಅದರಿಂದ ಗ್ರೋತ್ ಹಾರ್ಮೋನ್ ಹೆಚ್ಚಾಗಿ ಕೈಕಾಲು ಬೆಳೆದಿವೆ, ರೋಗದ ಹೆಸರು ಅಕ್ರೋಮೆಗಲಿ. ಗಡ್ಡೆ ಕಣ್ಣಿನ ನರ ಒತ್ತಿದೆ ಎಂದು ಡಾಕ್ಟರು ನನಗೂ ಜೊತೆಗೆ ಬಂದಿದ್ದ ಸೊಸೆಗೂ ಹೇಳಿದರು.

“ಹೋದ ಕಣ್ಣು ತಿರುಗಿ ಬರ್ತಾವೇನ್ರಿ?” ಎಂದು ಕೇಳಿದೆ.

“ಬಾಳ ತಡಾ ಆಗ್ಯಾದ. ಇದ್ದದ್ದು ಉಳಸಾಕ ನೋಡ್ತೀವಿ. ಖಾತ್ರಿ ಇಲ್ರಿ.”

ಹತ್ತು ವರ್ಷ ಕೈ ನೋಡಿಕೊಂಡು ನಕ್ಕಿದ್ದೆ.

ಆಮೇಲೆ ಮೂಗಿನಿಂದ ಆಪರೇಷನ್ ಆಯಿತು. ನೇರಕ್ಕೆ ಇರುವುದು ಅಷ್ಟಿಷ್ಟು ಕಾಣುತ್ತದೆ. ಆ ಹುಡುಗಿ ಕೈ ಬಿಟ್ಟಿದ್ದರೆ ಅದೂ ಇರುತ್ತಿರಲಿಲ್ಲ. ಪಕ್ಕದ್ದು ಹೋಯಿತು. ಹೋದದ್ದು ಹೋಯಿತು.

ಆದರೆ ಡಾಕ್ಟರು ಹೇಳಿದ ದಿನ ಇದೇನೂ ಗೊತ್ತಿರಲಿಲ್ಲ. ಪೂರ್ತಿ ಕುರುಡಾಗುತ್ತೇನೆ ಎಂದುಕೊಂಡೇ ಮನೆಗೆ ಬಂದೆ. ಅಳಲಿಲ್ಲ. ಮರುದಿನ ಬೆಳಿಗ್ಗೆ ಕಣ್ಣು ಗಟ್ಟಿ ಮುಚ್ಚಿಕೊಂಡು, ಬಾಗಿಲಿನಿಂದ ನಳದ ತನಕ ಹೆಜ್ಜೆ ಎಣಿಸಿದೆ. ಎರಡು ಸಲ ತಪ್ಪಿತು. ಮೂರನೆಯ ಸಲ ಕೊಡ ತುಂಬಿಸಿಕೊಂಡು ಬಂದೆ.