ನಿಲ್ಲದವಳಿಗೊಂದು ಲೋಟ ನೀರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಅದರಲ್ಲೂ ಅಕ್ಕನ ವಿಷಯಕ್ಕೆ ಯಾರಾದರೂ ಬಾಯಿ ಹಾಕಿದರೆ ಕೇಳಲೇಬೇಡಿ. ಹೊಳೆ ಉಕ್ಕಿ ಊರಿಗೆ ನುಗ್ಗಿದ ವಾರ ಎಲ್ಲರೂ ಅವಳನ್ನು ಆಡಿಕೊಂಡರು. ಜನ ಮನೆ ಕಳಕೊಂಡು ಕೂತಿದ್ದಾರೆ, ಈ ಹೆಂಗಸಿಗೆ ಮ್ಯಾರಥಾನ್ ನಡೆಯಬೇಕಂತೆ, ಕರುಳು ಅನ್ನೋದು ಇದೆಯಾ ಇವಳಿಗೆ ಅಂತ. ಕರುಳಂತೆ! ಆ ಕರುಳಿನ ಸಂಕಟ ಅವರಿಗೇನು ಗೊತ್ತು.

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ. ಒಂದೇ ಲಾಂಡ್ರಿಯಲ್ಲಿ ಅವಳು ಒಗೆಯುತ್ತಾಳೆ, ನಾನು ಇಸ್ತ್ರಿ ಮಾಡುತ್ತೇನೆ. ಅಂಗಡಿ ಅವಳ ಅಮ್ಮನ ಕಾಲದ್ದು. ಮುಂದೆ ಮೆಷಿನ್ನುಗಳು, ನನ್ನ ಇಸ್ತ್ರಿ ಮೇಜು, ಬಟ್ಟೆ ನೇತುಹಾಕುವ ಕಂಬಿ. ಹಿಂದಿನ ಬಾಗಿಲು ದಾಟಿದರೆ ಅವಳ ಅಡುಗೆಮನೆ, ಅದಕ್ಕಂಟಿಕೊಂಡು ಮಲಗುವ ಕೋಣೆ. ಗಂಡ, ಮಕ್ಕಳು ಅಂತ ಇಲ್ಲ. ಸೋಪಿನ ನೀರಲ್ಲಿ ನೆನೆದು ನೆನೆದು ಬೆರಳ ತುದಿಗಳು ಸುಕ್ಕುಗಟ್ಟಿವೆ. ಮೆಷಿನ್ನಿಗೆ ಹಾಕುವ ಮೊದಲು ಪ್ರತಿ ಜೇಬನ್ನೂ ಒಳಮೈ ಹೊರಗೆ ಮಾಡಿ ಕೊಡವುತ್ತಾಳೆ. ಸಿಕ್ಕಿದ ಗುಂಡಿ, ಬೀಗದ ಕೈ ಎಲ್ಲವನ್ನೂ ಬಟ್ಟೆಯ ಜೊತೆಗೇ ಕಟ್ಟಿ ಕೊಡುತ್ತಾಳೆ. ಹಳೇ ಬಸ್ ಟಿಕೆಟ್ಟನ್ನೂ ಬಿಸಾಡುವುದಿಲ್ಲ. "ಅದ್ಯಾಕೆ ಅಕ್ಕಾ, ಹರಿದು ಹೋಗಿರೋ ಚೀಟಿ?" ಅಂದರೆ, "ಯಾರು ಯಾರನ್ನ ನೋಡೋಕೆ ಹೋಗಿದ್ರೋ, ಇರಲಿ ಬಿಡೆ" ಅನ್ನುತ್ತಾಳೆ.

ಅವಳಿಗೊಬ್ಬಳು ತಂಗಿ. ಚಿಕ್ಕಂದಿನಲ್ಲಿ ಒಂದು ಗಳಿಗೆ ಒಂದು ಕಡೆ ನಿಂತವಳಲ್ಲವಂತೆ. ಅದಕ್ಕೆ ಅಮ್ಮ ಅವಳನ್ನು ಬುಗುರಿ ಅಂತಲೇ ಕರೆಯುತ್ತಿದ್ದರು. ಬೆಳೆದ ಮೇಲೂ ಬುಗುರಿ ಬುಗುರಿಯೇ. ಬೆಳಿಗ್ಗೆ ಎದ್ದವಳೇ ಶೂ ಹಾಕಿಕೊಂಡು ಹೊಳೆದಂಡೆಗೆ ಓಡುತ್ತಿದ್ದಳು. ನಮ್ಮೂರ ಮ್ಯಾರಥಾನ್ ಏನು ಸಣ್ಣಪುಟ್ಟದ್ದಲ್ಲ, ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಹೊಳೆಯಾಚೆ ಕ್ರೀಡಾಂಗಣದಲ್ಲಿ ಶುರುವಾಗಿ, ದೊಡ್ಡ ಸೇತುವೆ ದಾಟಿ, ನಮ್ಮ ಲಾಂಡ್ರಿ ಮುಂದೆಯೇ ಹಾದುಹೋಗುತ್ತದೆ.

ಅಮ್ಮ ಹಾಸಿಗೆ ಹಿಡಿದಿದ್ದ ವರ್ಷ ಬುಗುರಿ ಹೋಗಲೋ ಬೇಡವೋ ಅಂತ ಶೂ ಕೈಯಲ್ಲಿ ಹಿಡಿದು ಕೂತಿದ್ದಳು. ಅಮ್ಮನೇ, "ಹೋಗೇ, ಓಡಿ ಬಾ, ನಾನೆಲ್ಲಿಗೆ ಹೋಗ್ತೀನಿ" ಅಂದರು. ಅವಳು ಓಡಲು ಹೋದಳು. ಅವಳಿನ್ನೂ ದಾರಿಯಲ್ಲಿರುವಾಗಲೇ ಅಮ್ಮ ಹೋಗಿಬಿಟ್ಟರು. ಕೊರಳಲ್ಲಿ ಪದಕ ಹಾಕಿಕೊಂಡು, ಬೆವರಿಳಿಸುತ್ತ, ನಗುತ್ತ ಬಂದ ಹುಡುಗಿಗೆ ಅಕ್ಕ ಬಾಗಿಲಲ್ಲೇ ಅಡ್ಡ ನಿಂತು ಹೇಳಿದಳು: "ಓಡ್ತಾನೇ ಇರು ನೀನು. ನನ್ನ ಬಾಗಿಲಲ್ಲಿ ನಿಲ್ಲಬೇಡ."

ಅಮ್ಮನೇ ಕಳಿಸಿದ್ದು ಅಂತ ಅಕ್ಕನಿಗೂ ಗೊತ್ತಿತ್ತು. ಸಂಕಟದಲ್ಲಿ ಬಾಯಿಗೆ ಬಂದದ್ದು ಆಡಿಬಿಟ್ಟಳು. ನಮ್ಮಂಥವರು ಆಡಿದ ಮಾತನ್ನು ಮಾರನೇ ದಿನ ಮರೆಯುತ್ತೇವೆ. ಆ ಬುಗುರಿ ಮರೆಯಲಿಲ್ಲ. ಹೊಳೆಯಾಚೆ ಬೇರೆ ಊರಲ್ಲಿ ಕೆಲಸ ಹಿಡಿದು ಹೋದಳು. ಹೋದವಳು ಆ ಬಾಗಿಲಲ್ಲಿ ನಿಲ್ಲಲೇ ಇಲ್ಲ.

ಮುಂದಿನ ವರ್ಷ ಓಟದ ಸಮಿತಿಯವರು ನಮ್ಮ ಅಂಗಡಿ ಮುಂದೆ ನೀರಿನ ಮೇಜು ಹಾಕಿಸಿದರು. ಅಕ್ಕ, ನಾನು ಕಾಗದದ ಲೋಟದಲ್ಲಿ ನೀರು ಕೊಡುತ್ತಿದ್ದೆವು. ದೂರದಲ್ಲಿ ಬುಗುರಿ ಕಂಡಳು. ಅಕ್ಕ ಮೇಜಿನ ತುಂಬ ಲೋಟ ಇಟ್ಟುಕೊಂಡು, ಅದನ್ನೆಲ್ಲ ಬಿಟ್ಟು ಒಳಗೆ ಓಡಿದಳು. ಅಡುಗೆಮನೆಯಿಂದ ಅಮ್ಮನ ಸ್ಟೀಲ್ ಲೋಟಗಳಲ್ಲಿ ಒಂದನ್ನು ತುಂಬಿಕೊಂಡು ಬಂದು ಕೈ ಚಾಚಿ ನಿಂತಳು. ಬುಗುರಿ ನಿಲ್ಲಲಿಲ್ಲ. ವೇಗ ಒಂಚೂರು ತಗ್ಗಿತು, ಲೋಟ ಕೈಗೆ ತಗೊಂಡಳು, ಅಕ್ಕನ ಮುಖ ನೋಡಿದಳು, ಹೋದಳು. ಉಳಿದವರೆಲ್ಲ ನೀರು ಕುಡಿದು ಲೋಟ ಬುಟ್ಟಿಗೆ ಎಸೆಯುತ್ತಾರಲ್ಲ, ಅವಳು ಎಸೆಯಲಿಲ್ಲ. ಸ್ಟೀಲ್ ಲೋಟ ಹಿಡಿದುಕೊಂಡೇ ಕೊನೆವರೆಗೂ ಓಡಿದಳಂತೆ, ನೋಡಿದವರು ನಕ್ಕರಂತೆ.

ಅಲ್ಲಿಂದ ಅದೇ ಪದ್ಧತಿಯಾಯಿತು. ವರ್ಷಕ್ಕೊಂದು ಸಲ, ಒಂದು ಲೋಟ ನೀರು, ಒಂದು ನೋಟ. ಓಟದ ಹಿಂದಿನ ದಿನ ಅಕ್ಕ ಲೋಟ ಉಜ್ಜಲು ಕೂತರೆ ಅದರಲ್ಲಿ ನನ್ನ ಮುಖದ ಮೊಡವೆ ಕೂಡ ಕಾಣಬೇಕು, ಹಾಗೆ ಉಜ್ಜುತ್ತಿದ್ದಳು. ಓಟ ಮುಗಿದ ಮೇಲೆ ಒಂದು ವಾರ ಹೇಳುವುದೇ ಹೇಳುವುದು. "ಸಣ್ಣಗಾಗಿದ್ದಾಳೆ ಅಲ್ವಾ? ಕೂದಲು ಕತ್ತರಿಸಿದ್ದಾಳೆ ನೋಡಿದ್ಯಾ? ಮೊಣಕಾಲಿಗೆ ಪಟ್ಟಿ ಕಟ್ಟಿದ್ದಳಲ್ಲ, ಏನಾಗಿದೆಯೋ." ಅಷ್ಟು ನೋಡುವುದಕ್ಕೆ ಇವಳಿಗೆ ಸಿಕ್ಕಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು! ಅದನ್ನೇ ವರ್ಷವಿಡೀ ಇಟ್ಟುಕೊಂಡು ಬದುಕುತ್ತಿದ್ದಳು.

ನಾನು ಬೈದು ಬೈದು ಸುಸ್ತಾದೆ. "ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಅವಳ ಮನೇಲಿರ್ತೀಯ. ಹೋಗಬಾರದಾ?"

"ಹೋಗಿ ಅವಳ ಬಾಗಿಲಲ್ಲಿ ನಿಲ್ಲಲಾ? ನಿಲ್ಲಬೇಡ ಅಂದ್ರೆ?"

"ಫೋನಾದರೂ ಮಾಡು."

"ಏನಂತ ಶುರು ಮಾಡೋದೇ?"

ಓಟ ಅನ್ನೋದೊಂದು ನೆಪ ಇತ್ತು ನೋಡಿ. ಇವಳು ಅವಳ ಮನೆಗೆ ಹೋದಂತಲ್ಲ, ಅವಳು ಇವಳ ಮನೆಗೆ ಬಂದಂತಲ್ಲ. ರಸ್ತೆ ಅಲ್ಲಿ ಹೋಗುತ್ತದೆ, ಅಷ್ಟೇ. ಇಬ್ಬರ ಹಟವೂ ಉಳಿಯಿತು.

ಹೀಗೆ ಕೊಡುತ್ತ ಕೊಡುತ್ತ ಅಮ್ಮನ ಲೋಟಗಳು ಖಾಲಿಯಾಗುತ್ತ ಬಂದು, ಈ ವರ್ಷಕ್ಕೆ ಕಪಾಟಿನಲ್ಲಿ ಒಂದೇ ಒಂದು ಉಳಿದಿತ್ತು. ಒಂದು ದಿನ ಮೆಷಿನ್ ತಿರುಗುತ್ತಿರುವಾಗ ಅಕ್ಕ ನನ್ನ ಹತ್ತಿರ ಬಂದು, ಯಾರೋ ಕೇಳಿಸಿಕೊಂಡಾರು ಅನ್ನುವ ಹಾಗೆ ಅಂದಳು: "ಈ ಸಲ ಲೋಟ ಬಿಡಲ್ಲ ಕಣೇ."

"ಅಂದ್ರೆ?"

"ಅವಳು ಹಿಡ್ಕೋತಾಳಲ್ಲ, ನಾನೂ ಗಟ್ಟಿ ಹಿಡ್ಕೋತೀನಿ. ಎಳೆದರೆ ಎಳೆಯಲಿ. ನಿಲ್ಲಲೇಬೇಕಲ್ಲ ಆವಾಗ. ನಿಲ್ಲು ಅಂತ ಹೇಳ್ತೀನಿ."

ನನ್ನ ಬಾಯಿ ಸುಮ್ಮನಿರಬೇಕಲ್ಲ! "ನೀನು ಹೇಳೋ ಅಷ್ಟರಲ್ಲಿ ಹಿಂದಿನಿಂದ ಬರೋರೆಲ್ಲ ನಿನ್ನ ಮೇಲೆ ಬೀಳ್ತಾರೆ" ಅಂದೆ. ಇಬ್ಬರೂ ನಕ್ಕೆವು. ಅವಳು ಅವತ್ತು ಹಾಡಿಕೊಂಡೇ ಬಟ್ಟೆ ಒಣಹಾಕಿದಳು.

ಓಟಕ್ಕೆ ವಾರವಿದ್ದಾಗ ಹೊಳೆ ಉಕ್ಕಿತು. ಮೇಲಿನ ಕಡೆ ಸುರಿದ ಮಳೆಯ ನೀರೆಲ್ಲ ಒಟ್ಟಿಗೆ ಬಂತು. ತಗ್ಗಿನ ಬೀದಿಗಳಲ್ಲಿ ಮನೆಗಳು ಕಿಟಕಿವರೆಗೆ ಮುಳುಗಿದವು, ಕೆಲವು ಗೋಡೆ ಸಮೇತ ಹೋದವು. ಜೀವಗಳೂ ಹೋದವು. ದೊಡ್ಡ ಸೇತುವೆಯ ನಡುಭಾಗ ಕುಸಿದು ಕೊಚ್ಚಿಹೋಯಿತು. ಫೋನು, ಕರೆಂಟು ಎರಡೂ ಸತ್ತವು. ನಮ್ಮ ಬೀದಿ ಎತ್ತರದಲ್ಲಿದ್ದುದರಿಂದ ನೀರು ಅಂಗಡಿ ಮೆಟ್ಟಿಲಿಗೆ ಬಂದು ಹಿಂದಿರುಗಿತು.

ನೀರಿಳಿದ ಮೇಲೆ ಪುರಭವನದಲ್ಲಿ ಸಮಿತಿಯವರು ಸಭೆ ಕರೆದರು. ನೀರಿನ ಮೇಜಿನವರೂ ಬರಬೇಕು ಅಂದಿದ್ದಕ್ಕೆ ನಾವೂ ಹೋದೆವು. ಕಾರ್ಯದರ್ಶಿ ನಿವೃತ್ತ ಡ್ರಿಲ್ ಮೇಷ್ಟ್ರು, ಗಟ್ಟಿ ಗಂಟಲಿನವರು. ಅವತ್ತು ಅವರ ಗಂಟಲೂ ಇಳಿದಿತ್ತು. "ಈ ವರ್ಷ ಓಟ ರದ್ದು. ಓಟಗಾರರಿಗೆ ಅಂತ ತಂದಿದ್ದ ನೀರು, ಹಣ್ಣು, ಅಂಗಿ ಎಲ್ಲ ಸಂತ್ರಸ್ತರಿಗೆ ಹೋಗುತ್ತೆ. ಯಾರಾದರೂ ಏನಾದರೂ ಹೇಳೋದಿದೆಯಾ?"

ಎಲ್ಲರೂ ತಲೆ ತಗ್ಗಿಸಿದ್ದರು. ಅಷ್ಟರಲ್ಲಿ ನನ್ನ ಪಕ್ಕದ ಕುರ್ಚಿ ಸರಿದ ಸದ್ದಾಯಿತು. ಅಕ್ಕ ಎದ್ದು ನಿಂತಿದ್ದಳು.

"ರದ್ದು ಮಾಡಬೇಡಿ. ಸಣ್ಣದಾಗಿ ಮಾಡಿ. ಆಚೆ ದಡದವರನ್ನ ಬೇಕಾದರೆ ದೋಣೀಲಿ ಕರ್ಕೊಂಡು ಬನ್ನಿ. ನಮ್ಮ ಬೀದೀಲಿ ಮಾತ್ರ ಓಡಲಿ, ಸಾಕು."

ಸಭೆ ಸಭೆಯೇ ಅವಳ ಕಡೆ ತಿರುಗಿತು. ಬೇಕರಿಯವನು ಎದ್ದ. ಅವನ ಅಂಗಡಿಯ ಒಲೆಯೊಳಗೆ ಇನ್ನೂ ಕೆಸರಿತ್ತು. "ನಾಚಿಕೆ ಆಗಲ್ವೇನಮ್ಮ? ತಮ್ಮವರ ಹೆಣ ಸಿಗದವರು ಇನ್ನೂ ಹೊಳೆದಂಡೇಲಿ ಹುಡುಕ್ತಿದ್ದಾರೆ. ನಿಮಗೆ ಜಾತ್ರೆ ಬೇಕಾ?"

ನಾನು ಸುಮ್ಮನಿರುವ ಪೈಕಿಯಾ? "ಬಾಯಿ ಮುಚ್ರೀ, ನಿಮಗೇನು ಗೊತ್ತು..." ಅಂತ ಎದ್ದೆ. ಅಕ್ಕ ನನ್ನ ತೋಳು ಹಿಡಿದು ಕೂರಿಸಿದಳು. ಬೇಕರಿಯವನ ಕಡೆ ತಿರುಗಿ, "ನೀವು ಹೇಳಿದ್ದು ಸರಿ. ರದ್ದು ಮಾಡಲೇಬೇಕು. ನಾನು ಕೇಳಬಾರದಿತ್ತು" ಅಂದಳು.

ಕರೆಂಟು ಬಂದದ್ದೇ ತಡ, ಸಂತ್ರಸ್ತರ ಶಿಬಿರದ ಬಟ್ಟೆಯೆಲ್ಲ ನಮ್ಮಲ್ಲಿಗೆ ಬರತೊಡಗಿತು. ಕೆಸರು ಮೆತ್ತಿದ ಕಂಬಳಿ, ಹೊದಿಕೆ, ಮಕ್ಕಳ ಚಡ್ಡಿ. ಅಕ್ಕ ಯಾರ ಹತ್ತಿರವೂ ಬಿಡಿಗಾಸು ಮುಟ್ಟಲಿಲ್ಲ. ಊಟದ ಹೊತ್ತಿಗೂ ನಿಂತುಕೊಂಡೇ ತಿಂದಳು. ಮ್ಯಾರಥಾನಿನ ಹಳದಿ ಅಂಗಿಗಳನ್ನು ಶಿಬಿರದಲ್ಲಿ ಹಂಚಿದ್ದರು, ಬೆನ್ನ ಮೇಲೆ 'ನಾನು ಓಡಿ ಮುಗಿಸಿದೆ' ಅಂತ ದಪ್ಪ ಅಕ್ಷರ. ಕೋಲೂರಿಕೊಂಡು ಕಂಬಳಿ ಕೊಡಲು ಬಂದ ಒಬ್ಬಳು ಅಜ್ಜಿ ಅದೇ ಅಂಗಿ ತೊಟ್ಟಿದ್ದಳು. "ಏನಜ್ಜೀ, ಓಟ ಮುಗಿಸಿಬಿಟ್ರಾ?" ಅಂದೆ. "ಎಲ್ಲಿ ಮುಗಿಯುತ್ತೆ ತಾಯಿ, ಮನೆಯೇ ಓಡಿಹೋಯ್ತು, ನಾನು ಇಲ್ಲೇ ಇದೀನಿ" ಅಂದಳು. ಅಕ್ಕ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ಅಡುಗೆಮನೆಯಲ್ಲಿ ಆ ಒಂದು ಲೋಟ ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು.

"ಅವರೆಲ್ಲ ಇಷ್ಟು ಕಳಕೊಂಡಿದ್ದಾರೆ. ನನಗೆ ಇದೊಂದು ಆಸೆ. ಹೇಳಿಕೊಳ್ಳೋಕೂ ನಾಚಿಕೆ ಆಗುತ್ತೆ. ಅವಳನ್ನ ನೋಡಬೇಕು ಕಣೇ, ನೋಡಬೇಕು. ಇನ್ನೊಂದು ವರ್ಷ ಹೇಗೆ ಕಳೀಲಿ?"

ಪಕ್ಕದಲ್ಲಿ ಕೂತೆ. ಹೊರಗೆ ಮೆಷಿನ್ನು ತನ್ನ ಪಾಡಿಗೆ ತಿರುಗುತ್ತಿತ್ತು.

ಓಟ ನಡೆಯಬೇಕಾಗಿದ್ದ ಭಾನುವಾರ ಬೆಳಿಗ್ಗೆ ನಾನು ಅಂಗಡಿಗೆ ಬರುವಷ್ಟರಲ್ಲಿ ಅಕ್ಕ ರಸ್ತೆ ಬದಿಗೆ ಮೇಜು ಹಾಕಿದ್ದಳು. ಅದರ ಮೇಲೆ ಒಂದೇ ಲೋಟ, ತುಂಬ ನೀರು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಸೇತುವೆ ಕಡೆ ಮುಖ ಮಾಡಿ ನಿಂತಿದ್ದಳು. ರಸ್ತೆಯಲ್ಲಿ ಕೆಸರು ತೆಗೆಯುವವರು ಬಿಟ್ಟರೆ ನರಪಿಳ್ಳೆ ಇಲ್ಲ. ಅವರು ಇವಳನ್ನು ನೋಡಿ ಒಬ್ಬರಿಗೊಬ್ಬರು ಕಣ್ಸನ್ನೆ ಮಾಡುತ್ತಿದ್ದರು.

ಬಿಸಿಲೇರಿತು. ಓಟಗಾರರು ಹಾದುಹೋಗುವ ಹೊತ್ತು ಬಂತು, ಆಮೇಲೆ ಕಳೆಯಿತು. ಅಕ್ಕ ಕದಲಲಿಲ್ಲ. ನನಗೆ ತಡೆಯಲಾಗಲಿಲ್ಲ. ಇಸ್ತ್ರಿ ಪೆಟ್ಟಿಗೆ ಎತ್ತಿ ಕುಕ್ಕಿ ಹೊರಗೆ ಬಂದೆ.

"ಎಷ್ಟು ಹೊತ್ತು ನಿಲ್ತೀಯ? ಸೇತುವೆ ಇಲ್ಲ, ಓಟ ಇಲ್ಲ. ಇನ್ನು ನೆಪ ಹುಡುಕೋಕೆ ಏನೂ ಉಳಿದಿಲ್ಲ ಅಕ್ಕಾ! ನಿನಗೆ ಬೇಕಾ ಅವಳು? ಬೇಕಾದರೆ ನೀನೇ ಹೋಗು. ಸೇತುವೆವರೆಗೆ ಹೋಗು, ದೋಣಿಯವರ ಕಾಲು ಹಿಡಿ, ಅವಳ ಬಾಗಿಲಿಗೆ ಹೋಗಿ ನಿಲ್ಲು. ಬೈದರೆ ಬೈಸಿಕೋ!"

ನನ್ನನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಲೋಟದ ನೀರನ್ನು ಬಾಗಿಲ ಪಕ್ಕದ ಗಿಡಕ್ಕೆ ಸುರಿದಳು, ಲೋಟ ಸೆರಗಿನಲ್ಲಿ ಒರೆಸಿದಳು, ಚಪ್ಪಲಿ ಮೆಟ್ಟಿದಳು. ಲೋಟ ಹಿಡಿದು ನಡೆದೇಬಿಟ್ಟಳು. ನಾನು ಬಾಗಿಲೆಳೆದುಕೊಂಡು ಹಿಂದೆ ಓಡಿದೆ. ಇಷ್ಟು ವರ್ಷ ಎಲ್ಲರೂ ಯಾವ ಕಡೆಯಿಂದ ಓಡಿ ಬರುತ್ತಿದ್ದರೋ ಆ ಕಡೆಗೆ ನಾವಿಬ್ಬರೂ ಕೆಸರಲ್ಲಿ ಕಾಲೆಳೆಯುತ್ತ ಹೋದೆವು.

ಸೇತುವೆಯ ಬಾಯಲ್ಲಿ ಹಗ್ಗ ಕಟ್ಟಿದ್ದರು. ಅದರಾಚೆ ಸೇತುವೆ ಸ್ವಲ್ಪ ದೂರ ಹೋಗಿ ಥಟ್ಟನೆ ಮುಗಿದಿತ್ತು. ಕೆಳಗೆ ಹೊಳೆ ಕೆಂಪಗೆ ಬೋರ್ಗರೆಯುತ್ತಿತ್ತು. ಪ್ರವಾಹದ ಕೆಲಸಕ್ಕೆ ಬಂದು ಕಾವಲಿಗಿದ್ದ ಸೈನಿಕ ಕೈ ಅಡ್ಡ ಹಿಡಿದ. "ದೋಣಿ ಕಾಯಿಲೆಯವರಿಗೆ ಮಾತ್ರ ಅಮ್ಮ. ತಾತ್ಕಾಲಿಕ ಸೇತುವೆ ಹಾಕೋಕೆ ಇನ್ನೂ ಕೆಲವು ದಿನ ಬೇಕು."

ಅಕ್ಕ ಅವನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಆಚೆ ದಡ ನೋಡುತ್ತಿದ್ದಳು.

ಅಲ್ಲಿಯೂ ಹಗ್ಗ, ಅಲ್ಲಿಯೂ ಒಂದಿಷ್ಟು ಜನ. ಅವರ ನಡುವೆ ಗಿಡ್ಡ ಕೂದಲಿನ ಒಬ್ಬಳು ಹೆಂಗಸು, ಹೆಗಲಿಗೆ ಚೀಲ. ಮುಖ ಕಾಣುವಷ್ಟು ಹತ್ತಿರವಿಲ್ಲ. ಆದರೆ ಮೊಣಕಾಲಿನ ಬಿಳಿ ಪಟ್ಟಿ ಕಾಣುತ್ತಿತ್ತು.

ಅಕ್ಕ ಲೋಟ ಮೇಲೆತ್ತಿದಳು. ಬಿಸಿಲಿಗೆ ಫಳ್ಳೆಂದಿತು.

ಆಚೆಯವಳು ಅಲುಗಾಡಲಿಲ್ಲ. ಆಮೇಲೆ ಚೀಲ ಕೆಳಗಿಳಿಸಿದಳು, ಬಗ್ಗಿದಳು, ಏನನ್ನೋ ತೆಗೆದು ಸೇತುವೆಯ ಕಟ್ಟೆಯ ಮೇಲೆ ಇಟ್ಟಳು. ಫಳ್ಳೆಂದಿತು. ಇನ್ನೊಂದು ಇಟ್ಟಳು. ಮತ್ತೊಂದು. ಅಮ್ಮನ ಲೋಟಗಳು! ಊರು ಮುಳುಗಿದೆ ಅಂತ ಕೇಳಿ, ಅಕ್ಕನ ಮನೆಯಲ್ಲಿ ನೀರು ಕುಡಿಯಲು ಲೋಟ ಉಳಿದಿದೆಯೋ ಇಲ್ಲವೋ ಅಂದುಕೊಂಡಳೋ ಏನೋ, ಕೊಂಡುಹೋದದ್ದನ್ನೆಲ್ಲ ಹೊತ್ತು ತಂದಿದ್ದಳು. ಓಟ ಇಲ್ಲ ಅಂತ ಗೊತ್ತಿದ್ದೂ ಬಂದಿದ್ದಳು.

"ಬಾರೇ!" ಅಕ್ಕ ಕೂಗಿದಳು. ಅವಳು ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಬುಗುರೀ! ಮನೆಗೆ ಬಾರೇ!" ಹೊಳೆಯ ಸದ್ದಿಗೆ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. ಅಕ್ಕ ಕೈ ಬೀಸಿ ಬೀಸಿ ಕರೆದಳು. ಆಚೆಯವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಕೈ ತೆಗೆದು ನಮ್ಮ ಕಡೆಯೇ ನೋಡುತ್ತ ನಿಂತಳು.

ಎಷ್ಟೋ ಹೊತ್ತಾಯಿತು. ಸೈನಿಕ ತನ್ನ ಕುರ್ಚಿ ತಂದು ಅಕ್ಕನ ಹತ್ತಿರ ಇಟ್ಟ, ಅವಳು ಕೂರಲಿಲ್ಲ. ಅಂಗಡಿಯಲ್ಲಿ ಶಿಬಿರದ ಕಂಬಳಿಗಳು ನೆನೆದು ಬಿದ್ದಿದ್ದವು, ಸಂಜೆಗೆ ಕೊಡಬೇಕಿತ್ತು. ನಾನು ಮೆಲ್ಲಗೆ ಅವಳ ಭುಜ ಮುಟ್ಟಿದೆ.

"ನಡಿ ಅಕ್ಕಾ, ಹೋಗೋಣ. ಸೇತುವೆ ಆದ ಮೇಲೆ ಬರ್ತಾಳೆ."

"ನೀನು ಹೋಗಿರು. ಕಂಬಳಿ ಎರಡು ಸಲ ಜಾಲಿಸು" ಅಂದಳು, ಆಚೆ ದಡದಿಂದ ಕಣ್ಣು ತೆಗೆಯದೆ. "ನಾನು ಹೇಗೆ ಬರಲಿ? ಅವಳು ನಿಂತಿದ್ದಾಳಲ್ಲ."